ದೂರದ ಓಟ ಮತ್ತು ಸಕ್ಕರೆ

ಕ್ರೀಡಾಕೂಟದ ದಿನಗಳು ಸಮೀಪಿಸಿದಂತೆ ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಗ್ಲೂಕೋಸ್ ಪುಡಿಗೆ ಗಿರಾಕಿಗಳು ಹೆಚ್ಚುತ್ತಾರೆ. ೧೦೦ ಮೀಟರ್ ಓಡುವವನೂ, ಖೋ-ಖೋ ಆಡುವವಳೂ ಅಂಗೈಯಲ್ಲಿ ಒಂದಿಷ್ಟು ಪುಡಿ ಸುರುವಿಕೊಂಡು ಬಾಯಿಗೆ ಹಾಕಿಕೊಂಡೇ ಮೈದಾನಕ್ಕೆ ಇಳಿಯುವುದನ್ನು ನಾವು ಕಾಣುತ್ತೇವೆ. ಅದೇ ಮೈದಾನದಲ್ಲಿ, ಬೆಳಗಿನಿಂದ ಒಂದು ತುತ್ತೂ ತಿನ್ನದೆ ಬಂದು, ಕಣ್ಣು ಕತ್ತಲೆಗಟ್ಟಿ ಕುಳಿತುಬಿಡುವ ಮಕ್ಕಳನ್ನೂ ಕಾಣುತ್ತೇವೆ. ಮೊದಲಿನವರಿಗೆ ಅಗತ್ಯವಿಲ್ಲದ್ದು ದೊರೆಯುತ್ತಿದೆ. ಎರಡನೆಯವರಿಗೆ ಅಗತ್ಯವಾದದ್ದೇ ದೊರೆಯುತ್ತಿಲ್ಲ. ಆದ್ದರಿಂದ ಸಕ್ಕರೆಯು ಓಟಗಾರನ ಶರೀರದಲ್ಲಿ ನಿಜವಾಗಿ ಮಾಡುವ ಕೆಲಸವೇನು, ಯಾರಿಗೆ, ಯಾವಾಗ, ಎಷ್ಟು ಬೇಕು ಎಂಬುದನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಶರೀರದ ಎರಡು ಉಗ್ರಾಣಗಳು

ನಾವು ಉಣ್ಣುವ ರೊಟ್ಟಿ, ಅನ್ನ, ಬೆಲ್ಲ, ಹಣ್ಣು ಇವುಗಳಲ್ಲಿರುವ ಶರ್ಕರಪಿಷ್ಟವು ಜೀರ್ಣವಾಗಿ ಬಹುಮಟ್ಟಿಗೆ ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆದರೆ ರಕ್ತದಲ್ಲಿ ಅದು ಬಹಳ ಸ್ವಲ್ಪವೇ ಇರುತ್ತದೆ. ಉಪವಾಸದ ವೇಳೆಯಲ್ಲಿ ಆರೋಗ್ಯವಂತನ ೧೦೦ ಮಿಲಿಲೀಟರ್ ರಕ್ತದಲ್ಲಿ ಸುಮಾರು ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ವಯಸ್ಕನ ಮೈಯಲ್ಲಿ ೫ ಲೀಟರ್ ರಕ್ತವಿದೆಯೆಂದು ಹಿಡಿದರೆ, ಒಟ್ಟು ಸಕ್ಕರೆ ೫ ಗ್ರಾಮಿಗಿಂತ ಹೆಚ್ಚಿಲ್ಲ. ಅಂದರೆ ಒಂದು ಚಹಾ ಚಮಚೆಯಷ್ಟು!

ಉಳಿದ ಗ್ಲೂಕೋಸನ್ನು ಶರೀರವು ಒಂದಕ್ಕೊಂದು ಪೋಣಿಸಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ವಯಸ್ಕನ ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಂ, ಎಲ್ಲ ಸ್ನಾಯುಗಳಲ್ಲಿ ಸೇರಿ ಸುಮಾರು ೪೦೦ ಗ್ರಾಂ ಗ್ಲೈಕೋಜನ್ ಹಿಡಿಸುತ್ತದೆ. ಇದು ಮೊದಲನೆಯ ಉಗ್ರಾಣ. ಎರಡನೆಯದು ಕೊಬ್ಬು. ತೆಳ್ಳಗಿನ ಓಟಗಾರನ ಮೈಯಲ್ಲೂ ಹಲವು ಕಿಲೋಗ್ರಾಂ ಕೊಬ್ಬು ಇದ್ದೇ ಇರುತ್ತದೆ.

ನಮ್ಮ ಹಿರಿಯರು ವರ್ಷದ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ದಿನದ ಬಳಕೆಗೆ ಬೇಕಾದಷ್ಟನ್ನು ಅಡುಗೆಮನೆಯ ಗಡಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಗಡಿಗೆಗೆ ಕೈ ಹಾಕಿದೊಡನೆ ಕಾಳು ಸಿಗುತ್ತದೆ, ಆದರೆ ಬೇಗ ಬರಿದಾಗುತ್ತದೆ. ಹಗೇವಿನಲ್ಲಿ ರಾಶಿಯೇ ಇದೆ, ಆದರೆ ಅದನ್ನು ತೆಗೆಯುವುದು ನಿಧಾನದ ಕೆಲಸ. ಗ್ಲೈಕೋಜನ್ ಗಡಿಗೆಯಂತೆ, ಕೊಬ್ಬು ಹಗೇವಿನಂತೆ. ಅಷ್ಟೇ ಅಲ್ಲ, ಒಂದು ಲೀಟರ್ ಆಮ್ಲಜನಕವನ್ನು ಬಳಸಿ ಶರ್ಕರಪಿಷ್ಟವನ್ನು ಉರಿಸಿದರೆ ಸುಮಾರು ೫ ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ಕೊಬ್ಬನ್ನು ಉರಿಸಿದರೆ ಸುಮಾರು ೪.೭ ಮಾತ್ರ. ಆದ್ದರಿಂದ ನಡಿಗೆಯಂಥ ನಿಧಾನದ ಕೆಲಸದಲ್ಲಿ ಶರೀರವು ಹೆಚ್ಚಾಗಿ ಕೊಬ್ಬನ್ನು ಬಳಸಿದರೂ, ವೇಗ ಹೆಚ್ಚಿದಂತೆ ಗಡಿಗೆಯ ಕಡೆಗೇ ಕೈ ಚಾಚುತ್ತದೆ. ಈ ಎಲ್ಲ ಒಡೆಯುವ ಮತ್ತು ಕೂಡಿಸುವ ಕ್ರಿಯೆಗಳಿಗೆ ಒಟ್ಟಾಗಿ ಚಯಾಪಚಯ ಕ್ರಿಯೆ ಎಂದು ಹೆಸರು.

ಒಂದು ಸಣ್ಣ ಲೆಕ್ಕ

ಓಡುವಾಗ ಒಂದು ಕಿಲೋಗ್ರಾಂ ತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ವೆಚ್ಚವಾಗುತ್ತದೆ ಎಂಬ ಸ್ಥೂಲವಾದ ನಿಯಮವಿದೆ. ಮ್ಯಾರಥಾನ್ ಓಟದ ದೂರ ೪೨.೧೯೫ ಕಿಲೋಮೀಟರ್. ೬೦ ಕಿಲೋಗ್ರಾಂ ತೂಗುವ ಓಟಗಾರನಿಗೆ ಇದಕ್ಕಾಗಿ ಸುಮಾರು ೨,೫೦೦ ಕಿಲೋಕ್ಯಾಲೊರಿ ಬೇಕು. ಗ್ಲೈಕೋಜನ್ನಿನ ೫೦೦ ಗ್ರಾಂ ಸಂಗ್ರಹವನ್ನು ಗ್ರಾಮಿಗೆ ೪ರಂತೆ ಗುಣಿಸಿದರೆ ೨,೦೦೦ ಕಿಲೋಕ್ಯಾಲೊರಿ ಆಗುತ್ತದೆ. ಅದರಲ್ಲಿಯೂ ತೋಳು, ಬೆನ್ನುಗಳ ಸ್ನಾಯುಗಳಲ್ಲಿರುವುದು ಕಾಲಿಗೆ ದಕ್ಕುವುದಿಲ್ಲ. ಕೊಬ್ಬಿನ ನೆರವು ಇಲ್ಲದಿದ್ದರೆ ಆತನು ಗುರಿ ಮುಟ್ಟಲಾರನು.

ಈಗ ನಮ್ಮ ಶಾಲೆಯ ೧,೫೦೦ ಮೀಟರ್ ಓಟವನ್ನು ತೆಗೆದುಕೊಳ್ಳೋಣ. ಓಡುವ ಹುಡುಗನ ತೂಕ ೪೫ ಕಿಲೋಗ್ರಾಂ ಇದ್ದರೆ ವೆಚ್ಚ ಸುಮಾರು ೬೮ ಕಿಲೋಕ್ಯಾಲೊರಿ. ಅಷ್ಟನ್ನೂ ಶರ್ಕರಪಿಷ್ಟದಿಂದಲೇ ಪಡೆದರೂ ೧೭ ಗ್ರಾಂ ಸಾಕು. ಹೊಟ್ಟೆತುಂಬ ಉಣ್ಣುವ ಹುಡುಗನ ಸ್ನಾಯುಗಳಲ್ಲಿ ಇದರ ಎಷ್ಟೋ ಪಟ್ಟು ಸಂಗ್ರಹವಿರುತ್ತದೆ. ೧೦೦ ಮೀಟರ್ ಓಟಕ್ಕಂತೂ ಸ್ನಾಯುವಿನಲ್ಲಿ ಮೊದಲೇ ಸಿದ್ಧವಾಗಿರುವ ಕ್ರಿಯಾಟಿನ್ ಫಾಸ್ಫೇಟ್ ಮತ್ತು ಅಲ್ಲಿಯ ಗ್ಲೈಕೋಜನ್ನುಗಳೇ ಸಾಕು. ಓಡುವ ಮುನ್ನ ಬಾಯಿಗೆ ಹಾಕಿದ ಪುಡಿ ಕರುಳನ್ನು ತಲುಪುವುದರೊಳಗೆ ಓಟವೇ ಮುಗಿದಿರುತ್ತದೆ.

ಹಾಗಾದರೆ ಓಟದಲ್ಲಿ ಸಕ್ಕರೆಯ ಅಗತ್ಯವನ್ನು ಮೊದಲು ಕಂಡವರು ಯಾರು? ಅದಕ್ಕಾಗಿ ನಾವು ಅಮೆರಿಕದ ಬೋಸ್ಟನ್ ನಗರಕ್ಕೆ ಹೋಗಬೇಕು.

ಬೋಸ್ಟನ್ನಿನ ಎರಡು ಓಟಗಳು

ಬೋಸ್ಟನ್ ನಗರದಲ್ಲಿ ೧೮೯೭ರಿಂದ ಮ್ಯಾರಥಾನ್ ಓಟ ನಡೆಯುತ್ತ ಬಂದಿದೆ. ೧೯೨೪ರ ಓಟದಲ್ಲಿ ಲೆವಿನ್, ಗಾರ್ಡನ್ ಮತ್ತು ಡೆರಿಕ್ ಎಂಬ ವೈದ್ಯರು ಗುರಿ ಮುಟ್ಟಿದ ಕೆಲವು ಓಟಗಾರರ ರಕ್ತವನ್ನು ಪರೀಕ್ಷಿಸಿದರು. ಹಲವರ ರಕ್ತದಲ್ಲಿ ಸಕ್ಕರೆಯ ಪ್ರಮಾಣವು ಬಹಳ ಇಳಿದಿತ್ತು. ಯಾರ ಸಕ್ಕರೆ ಹೆಚ್ಚು ಇಳಿದಿತ್ತೋ ಅವರೇ ಹೆಚ್ಚು ಬಳಲಿದ್ದರು. ಮುಖ ಬಿಳಿಚಿ, ಮೈ ನಡುಗಿ, ಮನಸ್ಸು ಮಂಕಾಗಿದ್ದರು.

ಈ ಲಕ್ಷಣಗಳು ಆ ವೈದ್ಯರಿಗೆ ಬೇರೊಂದು ಕಡೆಯಿಂದ ಪರಿಚಿತವಾಗಿದ್ದವು. ಮಧುಮೇಹ ರೋಗಿಯೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ಕೊಟ್ಟದ್ದು ೧೯೨೨ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. ಇನ್ಸುಲಿನ್ ಪ್ರಮಾಣ ಮೀರಿದಾಗ ರೋಗಿಯ ರಕ್ತದ ಸಕ್ಕರೆ ಇಳಿದು ಇಂಥವೇ ಲಕ್ಷಣಗಳು ತೋರುತ್ತಿದ್ದವು. ಔಷಧಿಯನ್ನೇ ತೆಗೆದುಕೊಳ್ಳದ ಓಟಗಾರನಲ್ಲಿಯೂ ಅದೇ ಸ್ಥಿತಿ ಉಂಟಾಗಿದೆಯೆಂದು ಅವರು ತರ್ಕಿಸಿದರು.

ತರ್ಕವನ್ನು ಪರೀಕ್ಷೆಗೆ ಒಡ್ಡುವುದೇ ವಿಜ್ಞಾನ. ೧೯೨೫ರ ಓಟಕ್ಕೆ ಮುನ್ನ ಓಟಗಾರರಿಗೆ ಶರ್ಕರಪಿಷ್ಟವುಳ್ಳ ಆಹಾರವನ್ನು ಹೆಚ್ಚಾಗಿ ತಿನ್ನಿರೆಂದು ಸಲಹೆ ಕೊಡಲಾಯಿತು. ಓಟದ ನಡುವೆ ತಿನ್ನಲು ಮಿಠಾಯಿ ಕೊಡಲಾಯಿತು. ಈ ಸಲ ಅವರ ರಕ್ತದ ಸಕ್ಕರೆ ಇಳಿಯಲಿಲ್ಲ. ಗುರಿ ಮುಟ್ಟಿದಾಗ ಅವರ ಸ್ಥಿತಿಯೂ ಹಿಂದಿನ ವರ್ಷಕ್ಕಿಂತ ಬಹಳ ಮೇಲಾಗಿತ್ತು. ದೂರದ ಓಟದಲ್ಲಿ ಸಕ್ಕರೆಯ ಉಪಯೋಗಕ್ಕೆ ದೊರೆತ ಮೊದಲ ಸ್ಪಷ್ಟ ಸಾಕ್ಷ್ಯಗಳಲ್ಲಿ ಇದೊಂದು.

ಒಂದೇ ಸೈಕಲ್, ಎರಡು ಕಾಲು

ರಕ್ತವನ್ನು ಪರೀಕ್ಷಿಸುವುದು ಸುಲಭ. ಸ್ನಾಯುವಿನೊಳಗೆ ಏನಿದೆಯೆಂದು ತಿಳಿಯುವುದು ಕಷ್ಟ. ಸ್ವೀಡನ್ ದೇಶದ ಯೋನಾಸ್ ಬೆರ್ಗ್‌ಸ್ಟ್ರೋಮ್ ಎಂಬ ವೈದ್ಯರು ಟೊಳ್ಳಾದ ಸೂಜಿಯೊಂದರಿಂದ ಸ್ನಾಯುವಿನ ಚೂರನ್ನು ತೆಗೆಯುವ ವಿಧಾನವನ್ನು ೧೯೬೨ರಲ್ಲಿ ರೂಢಿಗೆ ತಂದರು. ೧೯೬೬ರಲ್ಲಿ ಅವರೂ ಅವರ ಸಹೋದ್ಯೋಗಿ ಎರಿಕ್ ಹುಲ್ಟ್‌ಮನ್ ಅವರೂ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್ ಯಂತ್ರದ ಎರಡು ಪಕ್ಕಗಳಲ್ಲಿ ಕುಳಿತು, ಪ್ರತಿಯೊಬ್ಬರೂ ಒಂದೊಂದೇ ಕಾಲಿನಿಂದ ಪೆಡಲು ತುಳಿದರು. ದುಡಿದ ಕಾಲಿನ ಗ್ಲೈಕೋಜನ್ ಬರಿದಾಗುವವರೆಗೆ ತುಳಿದು, ಮುಂದಿನ ೩ ದಿನ ಶರ್ಕರಪಿಷ್ಟ ತುಂಬಿದ ಊಟ ಮಾಡಿದರು.

ಫಲಿತಾಂಶ ಆಶ್ಚರ್ಯಕರವಾಗಿತ್ತು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ಮತ್ತೆ ತುಂಬಿದ್ದಲ್ಲದೆ, ಸುಮ್ಮನಿದ್ದ ಕಾಲಿನ ಎರಡರಷ್ಟಾಯಿತು. ಇಬ್ಬರ ಹೊಟ್ಟೆಗೂ ಹೋದ ಊಟ ಒಂದೇ ಬಗೆಯದು, ಆದರೆ ಅದನ್ನು ಹೆಚ್ಚಾಗಿ ಕೂಡಿಟ್ಟುಕೊಂಡದ್ದು ದುಡಿದ ಕಾಲು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಒಂದು, ಒಂದು ಸ್ನಾಯುವಿನ ಗ್ಲೈಕೋಜನ್ ಆ ಸ್ನಾಯುವಿನ ಸ್ವಂತ ಆಸ್ತಿ. ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವ ಕಿಣ್ವ ಸ್ನಾಯುವಿನಲ್ಲಿಲ್ಲ. ರಕ್ತಕ್ಕೆ ಸಕ್ಕರೆ ಒದಗಿಸುವ ಹೊಣೆ ಯಕೃತ್ತಿನದು. ಎರಡು, ಉಗ್ರಾಣವನ್ನು ದೊಡ್ಡದು ಮಾಡುವುದು ದುಡಿಮೆ ಮತ್ತು ಊಟ ಇವೆರಡರ ಕೂಟ, ಊಟವೊಂದರಿಂದಲೇ ಆಗುವುದಿಲ್ಲ.

ನಡುದಾರಿಯ ಬುತ್ತಿ

೧೯೮೬ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ನುರಿತ ಸೈಕಲ್ ಸವಾರರ ಮೇಲೆ ಪ್ರಯೋಗ ನಡೆಸಿದರು. ಬರೀ ರುಚಿ ಬೆರೆಸಿದ ನೀರು ಕುಡಿದಾಗ ಸವಾರರು ಸುಮಾರು ೩ ಗಂಟೆಗೆ ಸೋತರು. ಶರ್ಕರಪಿಷ್ಟದ ಪಾನೀಯ ಕುಡಿದಾಗ ಸುಮಾರು ೪ ಗಂಟೆ ತುಳಿದರು. ಗಮನಿಸಬೇಕಾದ ಸಂಗತಿಯೆಂದರೆ, ಎರಡೂ ಸಲ ಸ್ನಾಯುವಿನ ಗ್ಲೈಕೋಜನ್ ಒಂದೇ ವೇಗದಲ್ಲಿ ಕರಗಿತು. ಕುಡಿದ ಸಕ್ಕರೆಯು ರಕ್ತದ ಸಕ್ಕರೆ ಇಳಿಯದಂತೆ ತಡೆದು, ಗಡಿಗೆ ಬರಿದಾಗುತ್ತ ಬಂದಾಗ ಅದರ ಬದಲಿಗೆ ಉರಿಯಲು ಒದಗಿತು. ಮೊದಲ ಮೂರು ಗಂಟೆಗಳಿಗಿಂತ ನಾಲ್ಕನೆಯ ಗಂಟೆಗೇ ಅದರ ಬೆಲೆ ಹೆಚ್ಚು.

ಇನ್ನೊಂದು ಸಣ್ಣ ಪ್ರಯೋಗವನ್ನೂ ಹೇಳಬೇಕು. ೨೦೦೪ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸುಮಾರು ಒಂದು ಗಂಟೆಯ ಸೈಕಲ್ ಓಟದಲ್ಲಿ ಸವಾರರಿಗೆ ಶರ್ಕರಪಿಷ್ಟದ ದ್ರಾವಣವನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಲು ಹೇಳಿದರು. ಒಂದು ಹನಿಯನ್ನೂ ನುಂಗದೆ ಅವರು ಶೇಕಡಾ ೩ರಷ್ಟು ಬೇಗ ಗುರಿ ಮುಟ್ಟಿದರು. ಅದರ ಇರವನ್ನು ಬಾಯಿಯೇ ಗುರುತಿಸಿ ಮಿದುಳಿಗೆ ಸುದ್ದಿ ಕೊಡುತ್ತದೆ ಎಂಬುದು ಇದರ ತಾತ್ಪರ್ಯ. ಗ್ಲೂಕೋಸ್ ಬಾಯಿಗೆ ಬಿದ್ದ ಕೂಡಲೇ “ಶಕ್ತಿ ಬಂತು” ಎಂದು ನಮಗೆ ಅನಿಸಿದರೆ, ಆ ಅನಿಸಿಕೆ ಮಿದುಳಿನದು. ಸ್ನಾಯುವಿಗೆ ಅದಿನ್ನೂ ತಲುಪಿರುವುದಿಲ್ಲ.

ಕರುಳಿನ ಬಾಗಿಲು

ಹೆಚ್ಚು ಸಕ್ಕರೆ ತಿಂದರೆ ಹೆಚ್ಚು ಶಕ್ತಿ ಬಂದೀತೇ? ಇಲ್ಲ. ದುಡಿಯುವ ಶರೀರವು ಗ್ಲೂಕೋಸ್ ಒಂದನ್ನೇ ಕೊಟ್ಟರೆ ಗಂಟೆಗೆ ಸುಮಾರು ೬೦ ಗ್ರಾಮಿಗಿಂತ ಹೆಚ್ಚನ್ನು ಬಳಸಲಾರದು. ಅಷ್ಟನ್ನೇ ಕರುಳು ಒಳಗೆ ಬಿಡುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಕರುಳಿನಲ್ಲಿ ಬೇರೆ ಬಾಗಿಲಿದೆ. ಆದ್ದರಿಂದ ಎರಡನ್ನೂ ಬೆರೆಸಿ ಕುಡಿಯುವ ದೊಡ್ಡ ಓಟಗಾರರು, ಕರುಳಿಗೆ ರೂಢಿ ಮಾಡಿಸಿ, ಗಂಟೆಗೆ ೯೦ ಗ್ರಾಮಿನವರೆಗೂ ತೆಗೆದುಕೊಳ್ಳುತ್ತಾರೆ. ನಾವು ದಿನವೂ ಬಳಸುವ ಸಕ್ಕರೆಯಲ್ಲಿ ಈ ಎರಡೂ ಸಮಪಾಲಾಗಿ ಕೂಡಿಕೊಂಡಿರುತ್ತವೆ.

ಗ್ಲೂಕೋಸಿನ ಬಾಗಿಲಿಗೆ ಒಂದು ವಿಶೇಷವಿದೆ: ಅದು ಸೋಡಿಯಂ, ಅಂದರೆ ಉಪ್ಪಿನ ಅಂಶ, ಜೊತೆಯಲ್ಲಿ ಬಂದರೆ ತೆರೆಯುತ್ತದೆ; ಅವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. ಇದನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ೧೯೬೦ರಲ್ಲಿ ವಿವರಿಸಿದರು. ೧೯೭೧ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್ ಮತ್ತು ಉಪ್ಪುಗಳನ್ನು ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಓಟಗಾರನ ಪಾನೀಯವೂ ಇದೇ ತತ್ತ್ವದ ಮೇಲೆ ನಿಂತಿದೆ. ಅಂಥ ಪಾನೀಯಗಳಲ್ಲಿ ಸಾಮಾನ್ಯವಾಗಿ ೧೦೦ ಮಿಲಿಲೀಟರಿಗೆ ೬ರಿಂದ ೮ ಗ್ರಾಂ ಸಕ್ಕರೆ ಇರುತ್ತದೆ. ಒಂದು ಲೋಟ ನೀರಿಗೆ ನಾಲ್ಕಾರು ಚಮಚೆ ಪುಡಿ ಸುರಿದು ಪಾನಕದಂತೆ ಮಾಡಿದರೆ, ಅದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು, ನೀರನ್ನು ಕರುಳಿಗೆ ಎಳೆದು, ಹೊಟ್ಟೆನೋವು ಅಥವಾ ವಾಕರಿಕೆ ತರುತ್ತದೆ.

ದಮ್ಮು ಬೆಳೆಯುವುದು ಎಲ್ಲಿ?

ಇಷ್ಟರಿಂದ ಸಕ್ಕರೆಯೇ ದಮ್ಮಿನ ಮೂಲವೆಂದು ಯಾರೂ ತಿಳಿಯಬಾರದು. ೧೯೬೭ರಲ್ಲಿ ಅಮೆರಿಕದ ಜಾನ್ ಹೊಲೊಸ್ಜಿ ಎಂಬ ವಿಜ್ಞಾನಿ ಇಲಿಗಳಿಗೆ ೧೨ ವಾರ ಓಟದ ಅಭ್ಯಾಸ ಮಾಡಿಸಿದರು. ಅವುಗಳ ಸ್ನಾಯುಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವ ಸಾಮರ್ಥ್ಯ ಸುಮಾರು ಎರಡರಷ್ಟಾಯಿತು. ಜೀವಕೋಶದ ಒಲೆಗಳೆನ್ನಬಹುದಾದ ಮೈಟೊಕಾಂಡ್ರಿಯಗಳು ಹೆಚ್ಚಿದ್ದೇ ಇದರ ಕಾರಣ. ಮನುಷ್ಯನಲ್ಲಿಯೂ ಇದು ನಿಜ. ಅಭ್ಯಾಸ ಮಾಡಿದವನು ಅದೇ ವೇಗದಲ್ಲಿ ಓಡುವಾಗ ಕೊಬ್ಬನ್ನು ಹೆಚ್ಚು, ಗ್ಲೈಕೋಜನ್ನನ್ನು ಕಡಿಮೆ ಬಳಸುತ್ತಾನೆ. ಹಗೇವಿನಿಂದ ಕಾಳು ತೆಗೆಯುವ ಕಲೆ ಅವನಿಗೆ ಸಿದ್ಧಿಸಿರುತ್ತದೆ. ಗಡಿಗೆ ಹೆಚ್ಚು ಹೊತ್ತು ಬರುತ್ತದೆ. ಇದನ್ನು ಯಾವ ಡಬ್ಬಿಯೂ ಕೊಡಲಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ೨೦೦೫ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನಡೆದ ಪ್ರಯೋಗದಲ್ಲಿ, ಒಂದು ಕಾಲಿಗೆ ದಿನಕ್ಕೊಮ್ಮೆ, ಇನ್ನೊಂದು ಕಾಲಿಗೆ ದಿನ ಬಿಟ್ಟು ದಿನ ಎರಡೆರಡು ಸಲ ವ್ಯಾಯಾಮ ಮಾಡಿಸಿದರು. ಎರಡನೆಯ ಕಾಲು ತನ್ನ ಎರಡನೆಯ ಸರದಿಯನ್ನು ಗ್ಲೈಕೋಜನ್ ಕಡಿಮೆಯಿದ್ದಾಗಲೇ ಮಾಡಬೇಕಾಗುತ್ತಿತ್ತು. ೧೦ ವಾರಗಳ ತರುವಾಯ ಆ ಕಾಲೇ ಹೆಚ್ಚು ಹೊತ್ತು ತಾಳಿಕೊಂಡಿತು. ಅಭ್ಯಾಸದ ಪ್ರತಿಯೊಂದು ಹೊತ್ತಿನಲ್ಲಿಯೂ ಸಕ್ಕರೆ ಬೇಕೆಂದೇನೂ ಇಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಆದರೆ ಇದನ್ನು ಕೇಳಿ ಉಪವಾಸವಿದ್ದು ಓಡುವುದೇ ಶ್ರೇಷ್ಠವೆಂದು ಹೇಳಲಾಗದು. ಗಡಿಗೆ ಬರಿದಾಗಿರುವಾಗ ವೇಗದ ಅಭ್ಯಾಸ ಸಾಧ್ಯವಾಗುವುದಿಲ್ಲ. ಮುಂದಿನ ಸಂಶೋಧನೆಗಳಲ್ಲಿ ಸ್ನಾಯುವಿನೊಳಗಣ ಬದಲಾವಣೆಗಳು ಕಂಡರೂ ಸ್ಪರ್ಧೆಯ ಓಟದಲ್ಲಿ ಲಾಭವು ಎಲ್ಲ ಸಲವೂ ಕಾಣಲಿಲ್ಲ. ಅದು ನುರಿತ ತರಬೇತುಗಾರರ ಕಣ್ಣಳತೆಯಲ್ಲಿ ವಯಸ್ಕ ಕ್ರೀಡಾಪಟುಗಳು ಮಾಡುವ ಪ್ರಯೋಗ. ಬೆಳೆಯುವ ಮಕ್ಕಳಿಗೆ ಅದು ತಕ್ಕದ್ದಲ್ಲ.

ಓಟದ ಮುನ್ನ ಮತ್ತು ಓಡುವಾಗ

ಸುಮ್ಮನೆ ಕುಳಿತಿರುವಾಗ ಸಕ್ಕರೆ ತಿಂದರೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತದೆ. ಅದು ರಕ್ತದ ಸಕ್ಕರೆಯನ್ನು ಸ್ನಾಯುಗಳಿಗೆ ಕಳಿಸುತ್ತದೆ, ಕೊಬ್ಬು ಕರಗುವುದನ್ನು ತಡೆಯುತ್ತದೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಓಡಲು ತೊಡಗಿದರೆ, ಇನ್ಸುಲಿನ್ ಮತ್ತು ಓಟ ಎರಡೂ ಒಮ್ಮೆಲೇ ಸಕ್ಕರೆಯನ್ನು ಎಳೆದುಕೊಂಡು ಮೊದಲ ಕೆಲವು ನಿಮಿಷಗಳಲ್ಲಿ ರಕ್ತದ ಸಕ್ಕರೆ ಇಳಿಯಬಹುದು. ೧೯೭೯ರ ಒಂದು ಪ್ರಯೋಗದಲ್ಲಿ ಇದರಿಂದ ಸವಾರರು ಬೇಗ ಸೋತರು. ಮುಂದಿನ ಹೆಚ್ಚಿನ ಪ್ರಯೋಗಗಳಲ್ಲಿ ಅಂಥ ಹಾನಿ ಕಾಣಲಿಲ್ಲವಾದರೂ, ಕೆಲವರಿಗೆ ತಲೆ ಹಗುರಾದಂತಾಗುವುದುಂಟು. ಓಡುತ್ತಿರುವಾಗ ಕಥೆ ಬೇರೆ. ಆಗ ಇನ್ಸುಲಿನ್ ತಾನಾಗಿ ಕಡಿಮೆಯಾಗಿರುತ್ತದೆ; ದುಡಿಯುವ ಸ್ನಾಯುವು ಅದರ ಹಂಗಿಲ್ಲದೆಯೇ ತನ್ನ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಕರೆದುಕೊಳ್ಳುತ್ತದೆ. ಒಂದೇ ಸಕ್ಕರೆ, ಕುಳಿತವನಲ್ಲಿ ಒಂದು ಬಗೆ, ಓಡುವವನಲ್ಲಿ ಇನ್ನೊಂದು ಬಗೆ.

ನಮ್ಮ ಮಕ್ಕಳಿಗೆ ಏನು ಬೇಕು?

ಮೇಲಿನ ಸಂಗತಿಗಳನ್ನು ನಮ್ಮ ಮನೆ ಮತ್ತು ಮೈದಾನಗಳಿಗೆ ಅನ್ವಯಿಸಿ ನೋಡೋಣ.

೧. ಖಾಲಿ ಹೊಟ್ಟೆಯಲ್ಲಿ ಮಕ್ಕಳನ್ನು ಕ್ರೀಡಾಕೂಟಕ್ಕೆ ಕಳಿಸಬಾರದು. ರಾತ್ರಿಯಿಡೀ ಉಪವಾಸವಿದ್ದಾಗ ಯಕೃತ್ತಿನ ಗ್ಲೈಕೋಜನ್ ಬಹಳಷ್ಟು ಕರಗಿರುತ್ತದೆ. ಹಿಂದಿನ ರಾತ್ರಿ ಹೊಟ್ಟೆತುಂಬ ರೊಟ್ಟಿ, ಬೇಳೆ, ಪಲ್ಯ. ಸ್ಪರ್ಧೆಗೆ ಎರಡು ಮೂರು ಗಂಟೆ ಮುನ್ನ ಅವಲಕ್ಕಿ, ಉಪ್ಪಿಟ್ಟು ಅಥವಾ ಹಾಲಿನಲ್ಲಿ ನೆನೆಸಿದ ರೊಟ್ಟಿ. ಹೊತ್ತು ಕಡಿಮೆಯಿದ್ದರೆ ಒಂದು ಬಾಳೆಹಣ್ಣು. ಇದು ಯಾವ ಪುಡಿಗಿಂತಲೂ ಮೇಲು.

೨. ೧೦೦ ಮೀಟರಿನಿಂದ ೩,೦೦೦ ಮೀಟರಿನವರೆಗಿನ ಓಟಗಳಿಗೆ ಓಟದ ನಡುವೆ ಸಕ್ಕರೆಯ ಅಗತ್ಯವಿಲ್ಲ. ಪೊಲೀಸ್ ಮತ್ತು ಸೈನ್ಯದ ಭರ್ತಿಗಾಗಿ ೧,೬೦೦ ಮೀಟರ್ ಅಭ್ಯಾಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ಅವರಿಗೆ ಬೇಕಾದದ್ದು ನಿತ್ಯದ ಓಟ, ನಿತ್ಯದ ಊಟ, ನಿದ್ರೆ.

೩. ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಯುವವರಿಗೆ, ಅಥವಾ ದಿನವಿಡೀ ಒಂದರ ಮೇಲೊಂದು ಪಂದ್ಯ ಆಡುವವರಿಗೆ, ನಡುವೆ ಸ್ವಲ್ಪ ಸ್ವಲ್ಪವಾಗಿ ಸಿಹಿ ಕೊಡುವುದು ಉಪಯುಕ್ತ. ಗಂಟೆಗೆ ೩೦ ಗ್ರಾಂ ಸಾಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ ಅಷ್ಟು ಇರುತ್ತದೆ. ಬಿಸಿಲಿನಿಂದ ಬಂದವರಿಗೆ ನೀರಿನ ಜೊತೆ ಒಂದು ಬೆಲ್ಲದ ಹಳಕು ಕೊಡುವ ನಮ್ಮ ಹಳ್ಳಿಗಳ ಪದ್ಧತಿ ಈ ದೃಷ್ಟಿಯಿಂದ ಅರ್ಥಪೂರ್ಣವಾದದ್ದು. ಗ್ಲೂಕೋಸ್ ಪುಡಿಯಾಗಲಿ, ಬೆಲ್ಲವಾಗಲಿ, ಸಕ್ಕರೆಯಾಗಲಿ, ಗ್ರಾಮಿಗೆ ಕೊಡುವ ಶಕ್ತಿ ಸುಮಾರು ೪ ಕಿಲೋಕ್ಯಾಲೊರಿಯೇ. ಬೆಲೆ ಮಾತ್ರ ಒಂದೇ ಅಲ್ಲ.

೪. ಬಿಸಿಲಿನಲ್ಲಿ ತಲೆ ತಿರುಗಲು ಸಕ್ಕರೆಯ ಕೊರತೆಯೊಂದೇ ಕಾರಣವಲ್ಲ. ನೀರಿನ ಕೊರತೆ, ಸೆಕೆಯ ಹೊಡೆತಗಳೂ ಕಾರಣವಾಗಿರುತ್ತವೆ. ಅಂಥವರನ್ನು ನೆರಳಿಗೆ ಕರೆದೊಯ್ದು, ಎಚ್ಚರವಿದ್ದರೆ ಮಾತ್ರ ನೀರು ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ದವಾಖಾನೆಗೆ ಒಯ್ಯಬೇಕು.

೫. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ಈ ಲೆಕ್ಕಗಳು ಬೇರೆ. ಅವರು ಆಟದಿಂದ ದೂರ ಉಳಿಯಬೇಕಾಗಿಲ್ಲ. ವೈದ್ಯರ ಸಲಹೆ ಪಡೆದು, ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡು, ಗುರುಗಳಿಗೆ ಮೊದಲೇ ತಿಳಿಸಿ ಆಡಬಹುದು.

೬. ಆಟವಿಲ್ಲದ ದಿನಗಳಲ್ಲಿಯೂ ಸಿಹಿ ಪಾನೀಯಗಳನ್ನು ಕುಡಿಯುತ್ತಿದ್ದರೆ ಹಲ್ಲು ಹುಳುಕಾಗುತ್ತದೆ, ತೂಕ ಏರುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಆಹಾರಕ್ಕೆ ಬೆರೆಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸಗಳ ಪಾಲು ಶೇಕಡಾ ೧೦ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಸೂಚಿಸಿದೆ. ೨,೦೦೦ ಕಿಲೋಕ್ಯಾಲೊರಿ ಬೇಕಾದವರಿಗೆ ಇದು ೫೦ ಗ್ರಾಂ ಆಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಸಕ್ಕರೆಯು ದೂರ ಹೋಗುವವನ ಬುತ್ತಿ. ದೂರವೇ ಇಲ್ಲದ ಕಡೆ ಬುತ್ತಿ ಹೊರೆಯಾಗುತ್ತದೆ. ದೂರವಿರುವ ಕಡೆ ಬುತ್ತಿಯಿಲ್ಲದೆ ಹೋದರೆ ನಡುದಾರಿಯಲ್ಲಿ ಕುಸಿಯಬೇಕಾಗುತ್ತದೆ. ಆದರೆ ನಡೆಯುವ ಕಾಲುಗಳನ್ನು ಬುತ್ತಿ ಕೊಡುವುದಿಲ್ಲ. ಅವನ್ನು ದಿನದಿನದ ಅಭ್ಯಾಸವೇ ಕೊಡಬೇಕು. ತಂದೆತಾಯಿಗಳು ಡಬ್ಬಿಯ ಮೇಲೆ ವೆಚ್ಚ ಮಾಡುವ ಹಣವನ್ನು ಶೇಂಗಾ, ಬೆಲ್ಲ, ಹಾಲು, ಹಣ್ಣುಗಳ ಮೇಲೆ ವೆಚ್ಚ ಮಾಡಲಿ. ವಿದ್ಯಾರ್ಥಿಗಳು ಬೆಳಿಗ್ಗೆ ಉಂಡು ಬರಲಿ, ಸಂಜೆ ಓಡಲಿ. ಇದೇ ನಮ್ಮ ಹಾರೈಕೆ.

ಯೋಚಿಸಿ ಉತ್ತರಿಸಿರಿ

೧. ನಿಮ್ಮ ತೂಕವನ್ನು ನೋಡಿಕೊಂಡು, ಮನೆಯಿಂದ ಶಾಲೆಯವರೆಗೆ ಓಡಿ ಬಂದರೆ ಎಷ್ಟು ಕಿಲೋಕ್ಯಾಲೊರಿ ಶಕ್ತಿ ವೆಚ್ಚವಾಗುವುದೆಂದು ಲೆಕ್ಕ ಹಾಕಿರಿ.
೨. ತೋಳಿನ ಸ್ನಾಯುವಿನ ಗ್ಲೈಕೋಜನ್ ಕಾಲಿಗೆ ಏಕೆ ದೊರೆಯುವುದಿಲ್ಲ?
೩. ಓಟಗಾರನ ಪಾನೀಯಕ್ಕೆ ಸಕ್ಕರೆಯ ಜೊತೆಗೆ ಉಪ್ಪನ್ನೂ ಏಕೆ ಸೇರಿಸುತ್ತಾರೆ?
೪. ಅಭ್ಯಾಸ ಮಾಡಿದವನೂ ಮಾಡದವನೂ ಒಂದೇ ವೇಗದಲ್ಲಿ ಓಡಿದರೆ ಯಾರ ಗಡಿಗೆ ಮೊದಲು ಬರಿದಾಗುವುದು? ಏಕೆ?